ಸ್ಟಿಯರಿಂಗ್ ಪಕ್ಕದ ಬೆಸುಗೆ

ನಮ್ಮೂರಲ್ಲಿ ಮುಂದೆ ಹಲಗೆ ಕಟ್ಟಿ ಅಂಗಳದ ಹಿಮ ತಳ್ಳುವ ಕೆಲಸಕ್ಕೆ ಹಳೆಯ ಡೀಸೆಲ್ ಪಿಕಪ್ ಕೊಳ್ಳುವವರು ಮೊದಲು ನನ್ನ ಮನೆ ಬಾಗಿಲು ತಟ್ಟುತ್ತಾರೆ. ಆ ಹೆಮ್ಮೆ ನನಗಿತ್ತು, ಸುಳ್ಳೇಕೆ ಹೇಳಲಿ. ನಲವತ್ತು ವರ್ಷ ವೆಲ್ಡಿಂಗ್ ಮಾಡಿದ ಕೈ ಇದು. ಗಾಡಿಯ ಕೆಳಗೆ ರಟ್ಟು ಹಾಸಿ ಮಲಗಿ, ಚಾಸಿಯ ಕಬ್ಬಿಣದ ಚೌಕಟ್ಟಿಗೆ ಸುತ್ತಿಗೆಯಲ್ಲಿ ಕುಟ್ಟಿ, "ತಗೋ" ಅಂತಲೋ "ನಡಿ ಮನೆಗೆ" ಅಂತಲೋ ಅಂದರೆ ಮುಗಿಯಿತು. ಸುಪೀರಿಯರ್ ಸರೋವರದ ಈ ದಡದಲ್ಲಿ ಅದಕ್ಕೆ ಎದುರು ಮಾತಿಲ್ಲ.

ಹೋದ ನವೆಂಬರಿನ ಮೊದಲ ವಾರ ಪಕ್ಕದ ಮನೆಯ ಟ್ರೀನಾ ಬಂದಳು. ಗಂಡ ಬೆನ್ನು ನೋವಿಗೆ ಹಾಸಿಗೆ ಹಿಡಿದಿದ್ದ. ಅವನು ಹಿಮ ತಳ್ಳುತ್ತಿದ್ದ ಇಪ್ಪತ್ತೆರಡು ಮನೆಗಳ ಅಂಗಳ ಈ ಚಳಿಗಾಲ ಅವಳ ಪಾಲಿಗೆ ಬಿದ್ದಿದ್ದವು. ಅವರ ಹಳೆಯ ಗಾಡಿಯೂ ಕೈಕೊಟ್ಟಿತ್ತು.

"ಆಚೆ ಬೀದಿ ಹಾರ್ವಿ ತನ್ನ ಪಿಕಪ್ ಮಾರ್ತಾನಂತೆ, ರುಡಿ. ಬಂದು ನೋಡ್ತೀರಾ? ನೀವು ಹೂಂ ಅಂದ್ರೆ ನಾನು ಬಗ್ಗಿ ಕೂಡ ನೋಡಲ್ಲ."

"ಹಾರ್ವಿ ಮಾತಲ್ಲಿ ಅರ್ಧ ಬರೀ ಹೊಗೆ. ನಾನು ಬರ್ಲೇಬೇಕು, ನಡಿ."

ಎರಡು ಬೀದಿ ಆಚೆ, ನಡೆದೇ ಹೋದೆವು. ಹೋದವನೇ ಬಾನೆಟ್ ಮೇಲೆ ಅಂಗೈ ಇಟ್ಟೆ. ಡೀಸೆಲ್ ಗಾಡಿಯನ್ನು ತಣ್ಣಗಿರುವಾಗಲೇ ಎಬ್ಬಿಸಿ ನೋಡಬೇಕು. ಮಾರುವವನು ಮೊದಲೇ ಬಿಸಿ ಮಾಡಿಟ್ಟಿದ್ದರೆ ಅವನ ಹೊಟ್ಟೆಯಲ್ಲಿ ಏನೋ ಇದೆ ಅಂತ ಲೆಕ್ಕ.

"ಜ್ವರ ನೋಡ್ತಿದ್ದೀಯೇನೋ, ಡಾಕ್ಟ್ರೇ?" ಅಂತ ಹಾರ್ವಿ ನಕ್ಕ.

"ಗಾಡಿ ತಣ್ಣಗಿದೆ. ಜ್ವರ ನಿನಗೇ ಇರ್ಬೇಕು, ಬಿಸಿ ಮಾಡಿಡದೆ ಮಾರ್ತಿದ್ದೀಯಲ್ಲ."

ಎಂಜಿನ್ ಎರಡು ಸಲ ಕೆಮ್ಮಿ, ಬಿಳಿ ಹೊಗೆ ಉಗುಳಿ, ಆಮೇಲೆ ನೆಟ್ಟಗೆ ಓಡಿತು. ಗೇರೂ ಚೆನ್ನಾಗಿತ್ತು. ಎಂಜಿನ್ ನಿಲ್ಲಿಸಲು ಹೇಳಿ ನಾನು ಕೆಳಗೆ ತೂರಿದೆ.

ಚಾಸಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿತ್ತು. ಸ್ಟಿಯರಿಂಗ್ ಪೆಟ್ಟಿಗೆಯ ಪಕ್ಕ ಬೆರಳಿಗೆ ಒಂದು ಬೆಸುಗೆ ಸಿಕ್ಕಿತು. ಅದರ ಮೇಲಿನ ಅಲೆಯಂಥ ಗೆರೆಗಳು ಉಳಿದವರ ಬೆಸುಗೆಗೆ ತಿರುವುಮುರುವಾಗಿ ಓಡಿದ್ದವು. ಎಡಗೈಯವನ ಕೆಲಸ. ಈ ಊರಲ್ಲಿ ಎಡಗೈ ವೆಲ್ಡರ್ ಇರುವುದು ನಾನೊಬ್ಬನೇ.

ಎರಡು ವರ್ಷದ ಹಿಂದೆ, ಜಿಂಕೆ ಬೇಟೆ ಶುರುವಾಗುವ ಹಿಂದಿನ ದಿನ. ಚಾಸಿಯ ಬಿರುಕು ಬೆಸೆಸಲು ಹಾರ್ವಿ ಇದೇ ಗಾಡಿ ತಂದಿದ್ದ, ನಾನು ಮರೆತೇಬಿಟ್ಟಿದ್ದೆ. ಗೆಳೆಯರು ರಸ್ತೆಯಲ್ಲಿ ನಿಂತು ಹಾರ್ನ್ ಬಾರಿಸುತ್ತಿದ್ದರು. ಬಿರುಕು ಮುಂದೆ ಓಡದಂತೆ ಅದರ ತುದಿಯಲ್ಲಿ ಮೊದಲು ಒಂದು ತೂತು ಕೊರೆಯಬೇಕು. ನಾನು ಕೊರೆಯಲಿಲ್ಲ. ಮೇಲೆ ಬೆಸೆದು, "ಒಂದು ಚಳಿಗಾಲ ತಳ್ಳುತ್ತೆ ಬಿಡೋ" ಅಂದು ಕಾಡಿಗೆ ಓಡಿದ್ದೆ. ಈಗ ಬೆಸುಗೆಯ ತುದಿಯಿಂದ ಕೂದಲೆಳೆಯಂಥ ಹೊಸ ಬಿರುಕು ಹೊರಟಿತ್ತು.

ಮಲಗಿದಲ್ಲಿಂದ ನನಗೆ ಕಾಣುತ್ತಿದ್ದುದು ಎರಡು ಜೊತೆ ಬೂಟು ಮಾತ್ರ.

"ಏನಾದ್ರೂ ಕಾಣ್ತಾ, ರುಡಿ?" ಎಂದಳು ಟ್ರೀನಾ.

ಹಾರ್ವಿಯ ಬೂಟು ಅಲುಗಾಡಲಿಲ್ಲ. ಬೆಸೆದವರು ಯಾರೆಂದು ಅವನಿಗೂ ಗೊತ್ತಲ್ಲ. ನಾನು ಅದೊಂದು ಜಾಗ ಬಿಟ್ಟು ಉಳಿದೆಡೆಯೆಲ್ಲ ಕುಟ್ಟಿದೆ. ಹೊರಗೆ ಬಂದು ಹಿಮ ಕೊಡವಿಕೊಂಡು, "ಚಾಸಿ ಗಟ್ಟಿ ಇದೆ" ಅಂದೆ.

ಹಣ, ಕಾಗದ ಎಲ್ಲ ಆಯಿತು. ಹಾರ್ವಿಯ ಹೆಂಡತಿ ಕಾಫಿ, ಏಲಕ್ಕಿ ಹಾಕಿದ ಬ್ರೆಡ್ಡು ತಂದಿಟ್ಟಳು. ಹೊರಡುವಾಗ ಹಾರ್ವಿ ಕಿವಿಯ ಹತ್ತಿರ ಬಂದ. "ಉಳಿಸ್ದೆ ಕಣೋ. ಎಲ್ಲಿ ಬಾಯಿ ಬಿಡ್ತೀಯೋ ಅಂತ ಹೆದ್ರಿದ್ದೆ."

ಕೊಂಡ ಗಾಡಿಯಲ್ಲೇ ಮನೆಗೆ ಹೊರಟೆವು; ಟ್ರೀನಾ ಓಡಿಸುತ್ತಾ ಖುಷಿಯಾಗಿ ಮಾತಾಡುತ್ತಲೇ ಇದ್ದಳು. "ಮೊದಲ ಮನೆ ಹಿಲ್ಮಾ ಅಜ್ಜಿದು. ವಾರಕ್ಕೆ ಮೂರು ದಿನ ಡಯಾಲಿಸಿಸ್ ಅವರಿಗೆ. ಬೆಳಗ್ಗೆ ಐದಕ್ಕೇ ಅಂಗಳ ಬಿಡಿಸ್ಬೇಕು. ಗಾಡಿ ಕೈಕೊಟ್ರೆ ಏನಪ್ಪಾ ಗತಿ ಅಂತ ಹೆದ್ರಿಕೆ ಇತ್ತು. ನೀವು ನೋಡಿದ್ರಲ್ಲ, ಇನ್ನು ನಿದ್ದೆ ಬರುತ್ತೆ."

"ನಿಲ್ಸು ಟ್ರೀನಾ."

"ಯಾಕೆ?"

"ಚಾಸಿ ಬಿರುಕು ಬಿಟ್ಟಿದೆ. ಮುಂದೆ ಹಿಮದ ಹಲಗೆ ತೂಗು ಹಾಕಿದ್ರೆ ಸ್ಟಿಯರಿಂಗೇ ಕಿತ್ಕೊಂಡು ಬರುತ್ತೆ. ಅಲ್ಲಿರೋ ಬೆಸುಗೆ ನಂದೇ."

ಅವಳು ಗಾಡಿ ಬದಿಗೆ ನಿಲ್ಲಿಸಿದಳು. "ಕೆಳಗೆ ಮಲಗಿದ್ದಾಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. "ಇಳೀರಿ. ಎಲ್ಲಿ, ತೋರ್ಸಿ," ಅಂದಳು. ರಸ್ತೆ ಬದಿಯ ಕೆಸರಿನಲ್ಲಿ ಇಬ್ಬರೂ ಗಾಡಿ ಕೆಳಗೆ ಮಲಗಿದೆವು. ಅವಳು ಕೈಗವಸು ತೆಗೆದು ಬೆರಳಲ್ಲಿ ಆ ಬಿರುಕನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದಳು. ಸರಿಯಾಗಿ ಹೇಗೆ ಮಾಡಬೇಕಿತ್ತು ಅಂತ ಕೇಳಿದಳು. ಆ ತೂತಿನ ವಿಷಯ ಹೇಳಿದೆ. ಯಾರೋ ಕಾರು ನಿಧಾನ ಮಾಡಿ, "ಏನ್ ರುಡಿ, ಏನಾದ್ರೂ ಕಳ್ಕೊಂಡ್ಯಾ?" ಅಂತ ಕೂಗಿ ಹೋದರು.

ಹಾರ್ವಿ ಹಣವನ್ನೇನೋ ವಾಪಸು ಕೊಟ್ಟ. ನನಗೆ ಮಾತ್ರ, "ಥೂ, ಹೇಳೋದಾದ್ರೆ ಅಲ್ಲೇ ಹೇಳೋಕೆ ಏನಾಗಿತ್ತೋ ನಿನಗೆ?" ಅಂದ. ಅವನಂಥವನ ಬಾಯಿಂದಲೂ ಆ ಪ್ರಶ್ನೆ ನ್ಯಾಯವಾಗಿಯೇ ಇತ್ತು.

ಮುಂದಿನ ಶನಿವಾರ ಅವಳು ಪಕ್ಕದೂರಿಗೆ ಇನ್ನೊಂದು ಗಾಡಿ ನೋಡಲು ಹೊರಟಳು. ಬೇಲಿಯ ಹತ್ತಿರ ನಿಂತು, "ನಾನೂ ಬರ್ಲಾ?" ಅಂದೆ. "ಬರೋದಾದ್ರೆ ಬನ್ನಿ," ಅಂದಳು. ಅಲ್ಲಿ ಅವಳೇ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು ಗಾಡಿಯ ಕೆಳಗೆ ತೂರಿದಳು.

ಮಾರುವ ಮುದುಕ ನನ್ನನ್ನು ಬಲ್ಲವನು. "ಏನೋ ರುಡಿ, ಹೆಣ್ಣುಮಗಳನ್ನ ಮಲಗ್ಸಿ ನೀನು ನಿಂತಿದ್ದೀಯಾ? ಮಂಡಿ ಹೋಯ್ತಾ?"

ಹೌದು ಅನ್ನಲು ಬಾಯಿ ತೆರೆದಿದ್ದೆ.

"ಮಂಡಿ ಚೆನ್ನಾಗೇ ಇದೆ ಅವರಿಗೆ," ಅಂದಳು ಟ್ರೀನಾ, ಕೆಳಗಿನಿಂದಲೇ.