ಬರೀ ತುದಿ

ಎಮರ್ಜೆನ್ಸಿ ಮುಗಿದ ಮಾರನೇ ವರ್ಷ, ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ಕಾಲ. ಹಾಲು ಕರೆಯುವ ಹೊತ್ತು. ಬೋರಮ್ಮ ಎಮ್ಮೆಯ ಕೆಚ್ಚಲಿಗೆ ನೀರು ಚಿಮುಕಿಸುತ್ತಿದ್ದಾಗ, ಹಿತ್ತಲಲ್ಲಿ ಯಾವನೋ ಅವಳ ತೆಂಗಿನ ಮರಕ್ಕೆ ಕೆಂಪು ಬಣ್ಣ ಬಳಿಯುತ್ತಿದ್ದ.

"ಯಾವನ್ಲಾ ಅವನು, ಹೊತ್ತಾರೆನೇ ನನ್ ಮರಕ್ಕೆ ಕುಂಕುಮ ಇಕ್ಕೋನು?"

"ಆಫೀಸಿಂದ ಕಣಮ್ಮ. ಇಂಜಿನಿಯರು ಬತ್ತಾರೆ, ಅವರನ್ನೇ ಕೇಳು."

ನಾಲ್ಕು ಮರ. ಅವಳ ಅತ್ತೆ ನೆಟ್ಟವು. ಆಗ ಸುತ್ತ ಹುಚ್ಚೆಳ್ಳಿನ ಹೊಲ ಬಿಟ್ಟರೆ ಏನೂ ಇರಲಿಲ್ಲ. ಎರಡನೇ ಮಹಾಯುದ್ಧದ ಕಾಲಕ್ಕೆ ಸರ್ಕಾರ ಆ ಹೊಲಗಳನ್ನು ತೆಗೆದುಕೊಂಡು ವಿಮಾನ ಇಳಿಯಲಿಕ್ಕೆ ಡಾಂಬರು ಹಾಸಿತು. ಯುದ್ಧ ಮುಗಿಯಿತು. ವಿಮಾನ ಬರಲಿಲ್ಲ, ಮನೆಗಳು ಬಂದವು. ಪೇಟೆ ಬೆಳೆದು ನಾಲ್ಕು ಕಡೆಯಿಂದಲೂ ಆ ಬಯಲನ್ನು ಸುತ್ತಿಕೊಂಡಿತು. ಬಡಾವಣೆಯ ಹೆಂಗಸರು ಡಾಂಬರಿನ ಮೇಲೆ ಹಪ್ಪಳ ಒಣಗಿಸುತ್ತಿದ್ದರು. ಗಂಡ ಸತ್ತ ಮೇಲೆ ಬೋರಮ್ಮನಿಗೆ ಉಳಿದದ್ದು ಒಂದು ಎಮ್ಮೆ, ಈ ನಾಲ್ಕು ಮರ. ಕೊಬ್ಬರಿ ಮಾರಿದರೆ ರಾಗಿ, ಮಟ್ಟೆ ಉರಿಸಿದರೆ ಮುದ್ದೆ.

ಈಗ ಮಂತ್ರಿಗಳ ವಿಮಾನ ಇಳಿಯುತ್ತದಂತೆ. ಮರ ಅಡ್ಡವಂತೆ.

ಬಿಸಿಲೇರಿದಾಗ ಇಂಜಿನಿಯರು ಶಂಭುಲಿಂಗಯ್ಯ ಜೀಪಿನಿಂದ ಇಳಿದ. ಚಿಕ್ಕ ವಯಸ್ಸು, ಮಾತು ಮೆತ್ತಗೆ.

"ಹೆದರಬ್ಯಾಡಿ ಅಮ್ಮ. ಮರ ಕಡಿಯಲ್ಲ, ಬರೀ ತುದಿ ತೆಗೀತೀವಿ."

ಪಕ್ಕದ ಮನೆಯ ಮೆಹಬೂಬ್ ಪಾಷಾ, ಪಂಪ್‌ಸೆಟ್ ರಿಪೇರಿಯವನು, ಬೇಲಿಯಾಚೆಯಿಂದ ಕೇಳಿದ: "ಕ್ಷೌರ ಮಾಡಿಸ್ದಂಗಾ ಸಾರ್? ಮತ್ತೆ ಬೆಳೀತದಾ?"

ಸೇರಿದ್ದವರು ನಕ್ಕರು. ಬೋರಮ್ಮ ಇಂಜಿನಿಯರ ಕಡೆ ತಿರುಗಿದಳು.

"ಯಾವೂರಪ್ಪ ನಿಂದು?"

"ಸಂಪಿಗೆ ಹತ್ರ."

"ತೋಟ ಐತಾ?"

"ಐತೆ."

"ಸುಳಿ ಕೊಯ್ದ ತೆಂಗು ಚಿಗುರಿದ್ನ ನಿಮ್ ತೋಟದಾಗೆ ಕಂಡಿದ್ದೀಯಾ?"

ಅವನು ಗಡಿಯಾರ ನೋಡಿಕೊಂಡ. ತೆಂಗಿಗೆ ಕೊಂಬೆಯಿಲ್ಲ, ಇರುವುದು ಒಂದೇ ಸುಳಿ. ನಮ್ಮ ಸೀಮೆಯಲ್ಲಿ ಇದು ತೊಟ್ಟಿಲ ಕೂಸಿಗೂ ಗೊತ್ತು. ಅವನಿಗೂ ಗೊತ್ತಿತ್ತು. ಗೊತ್ತಿದ್ದೇ 'ತುದಿ' ಎಂದಿದ್ದ.

ಮರ ಹತ್ತುವ ಈರಣ್ಣನನ್ನು ಕರೆಸಿದರು. "ಈ ಮರಾನ ಮುಟ್ಟಿ ಕಣ್ಣಿಗೊತ್ಕೊಂಡು ಹತ್ತೋನು ನಾನು. ಕೊಡಲಿ ತಗಂಡು ಹತ್ತಾಕಿಲ್ಲ. ನೀವೂ ತೋಟದೋರು, ನೀವೇ ಹತ್ತಿ ಸ್ವಾಮಿ," ಎಂದು ಟವೆಲ್ಲು ಕೊಡವಿ ಹೊರಟೇಹೋದ. ಮಧ್ಯಾಹ್ನಕ್ಕೆ ಬೇರೆ ಕಡೆಯಿಂದ ಇಬ್ಬರು ಬಂದರು.

ಕೊನೆಯ ಮರವನ್ನು ಬೋರಮ್ಮ ತಬ್ಬಿ ನಿಂತಳು. ಮೆಹಬೂಬನ ಹೆಂಡತಿ ಖುರ್ಷಿದ್ ಬೇಗಂ ಓಡಿಬಂದು, "ತಲೆ ಮೇಲೆ ಬೀಳ್ತದೆ ಬೋರಕ್ಕಾ, ಬುಡು ಬುಡು," ಎಂದು ಅಳುತ್ತಲೇ ಅವಳನ್ನು ಎಳೆದುಕೊಂಡಳು. ಮರದ ತಲೆ ಬಿತ್ತು. ಎಳೆಗಾಯಿಗಳು ಚೆಲ್ಲಾಡಿದವು.

ಕಡಿದವರು ಗರಿ ಬಿಡಿಸಿ, ಸುಳಿಯೊಳಗಿನ ಬಿಳಿ ತಿರುಳನ್ನು ತೆಗೆದು ಬಾಳೆಲೆಯ ಮೇಲಿಟ್ಟು ಇಂಜಿನಿಯರಿಗೆ ಕೊಟ್ಟರು. ಅವನು ತಿಂದ. ಇನ್ನೊಂದು ತುಂಡಿಗೂ ಕೈ ಹಾಕಿದ.

"ಸಿಹಿ ಐತಾ ಸ್ವಾಮಿ?" ಬೋರಮ್ಮ ಎದುರಿಗೆ ಬಂದು ನಿಂತಳು. "ಮರ ಸಾಯ್ದೆ ಇದು ಯಾರ ಬಾಯಿಗೂ ಬೀಳಾಕಿಲ್ಲ. ತಿನ್ನಿ, ತಿನ್ನಿ. ಬರೀ ತುದಿ ಅಲ್ವಾ!"

"ಸರ್ಕಾರಿ ಕೆಲ್ಸ ಕಣಮ್ಮ, ಸುಮ್ನಿರು," ಎಂದು ಅವನು ಬಾಯಿ ಒರೆಸಿಕೊಂಡು ಜೀಪು ಹತ್ತಿದ.

ಭಾನುವಾರ ವಿಮಾನ ಬಂತು. ಒಂದು ಎಲೆಯಡಿಕೆ ಅಗಿಯುವಷ್ಟರಲ್ಲಿ ಮಂತ್ರಿಗಳು ಇಳಿದು, ಕಾರು ಹತ್ತಿ ಕಿಬ್ಬನಹಳ್ಳಿ ಕಡೆ ಹೋದರು. ಆಮೇಲೆ ಇನ್ನೊಂದು ವಿಮಾನ ಬಂದದ್ದನ್ನು ನಾವ್ಯಾರೂ ಕಾಣೆವು. ಪರಿಹಾರ ಕೇಳಲು ಹೋದ ಬೋರಮ್ಮನಿಗೆ ಕಚೇರಿಯಲ್ಲಿ, "ಕಡಿದ ಮರಕ್ಕೆ ಪರಿಹಾರ ಕಣಜ್ಜಿ. ನಿನ್ನವು ನಿಂತೇ ಅವೆಯಲ್ಲ," ಅಂದರು. ಇಷ್ಟು ಹೇಳಿದವನ ಮನೆಯಲ್ಲೂ ಆ ದಿನ ಸಾರಿಗೆ ಕಾಯಿ ತುರಿದಿರುತ್ತಾರೆ.

ಯುಗಾದಿ ಕಳೆದ ಮಂಗಳವಾರ ಬೋರಮ್ಮ ನೊಣವಿನಕೆರೆಯ ತಮ್ಮನ ಮನೆಗೆ, ಇನ್ನು ಅಲ್ಲೇ ಇರಲೆಂದು ಹೊರಟಳು. ಮಂಗಳವಾರ ಹೆಣ್ಣುಮಕ್ಕಳು ಮನೆ ಬಿಡಬಾರದು ಎಂದು ಕೇರಿಯವರೆಲ್ಲ ಹೇಳಿದರು. ಕೇಳಲಿಲ್ಲ. ಎಮ್ಮೆಯ ಹಗ್ಗ ಹಿಡಿದು, ಬಳಸು ದಾರಿ ಬಿಟ್ಟು, ಇನ್ನೂ ವಿಮಾನಕ್ಕೆ ಕಾಯುತ್ತಿರುವ ಆ ಡಾಂಬರಿನ ನಟ್ಟನಡುವೆ ನಡೆದಳು. ಮಂತ್ರಿಗಳು ಬಂದಾಗ ಅಲ್ಲಿ ನೇಮಿಸಿದ್ದ ಕಾವಲಿನವನು ಸೀಟಿ ಊದಿದ. ಮತ್ತೆ ಊದಿದ. ಎಮ್ಮೆ ಒಮ್ಮೆ ತಿರುಗಿ ನೋಡಿತು.