ಹುಬ್ಬಳ್ಳಿಯ ಗದ್ದಲದಲ್ಲಿ ಏನಂತ ಕರೆಯುವುದು

ಗಿರಣಿ ಇವತ್ತೂ ಸುಮ್ಮನಿದೆ, ಅದು ಸುಮ್ಮನಿದ್ದರೆ ನಾನು ರೊಟ್ಟಿ ಬಡಿಯುವ ಸದ್ದು ನನಗೇ ಜೋರೆನಿಸುತ್ತದೆ, ಪಟ್ ಪಟ್ ಪಟ್, ಇಡೀ ಅಕ್ಕಿಆಲೂರಿಗೆ ಕೇಳುತ್ತಿರಬೇಕು, ಶೇಖವ್ವ ಹುಬ್ಬಳ್ಳಿಗೆ ಬುತ್ತಿ ಕಟ್ಟುತ್ತಿದ್ದಾಳೆ ಎಂದು — ಇಲ್ಲಿ ಶೇಖವ್ವ ಎನ್ನುವವರಾದರೂ ಯಾರು, ಆ ಹೆಸರು ಹತ್ತಿಮತ್ತೂರಿನ ತವರಲ್ಲೇ ಉಳಿಯಿತು, ಇಲ್ಲಿ ನಾನು ಗಿರಣಿಯವರ ಸೊಸೆ. ತೆಳ್ಳಗೆ ಬಡಿದು ಒಣಗಿಸಬೇಕು, ಖಡಕ್ ಆದರೆ ಕೆಡುವುದಿಲ್ಲ, ಒಂದು ಹಿಡಿ ಶೇಂಗಾ ಚಟ್ನಿ, ಒಂದಿಷ್ಟು ಅಗಸಿ ಹಿಂಡಿ, ಅಲ್ಲಿ ಖಾನಾವಳಿ ಇದೆಯಂತೆ, ಇರಲಿ, ಯಾರ್ಯಾರ ಕೈಯ ಅಡುಗೆಯೋ ಎಂದು ಅತ್ತೆ ಮೂಗು ಮುರಿದಾಯಿತು, ಬುತ್ತಿ ದೊಡ್ಡದಾದಷ್ಟೂ ಅವರಿಗೆ ಸಮಾಧಾನ. ಗಿರಣಿಯ ಎಂಜಿನ್ನಿನ ಪಟ್ಟಾ, ಚಕ್ರ ತಿರುಗಿಸುವ ಆ ಬೆಲ್ಟು, ಹರಿಯದಿದ್ದರೆ ಈ ಪ್ರಯಾಣವೇ ಇರಲಿಲ್ಲ. ಯುದ್ಧ ಶುರುವಾದ ಮೇಲೆ ಹಾನಗಲ್ಲಿನಲ್ಲಿ ಪಟ್ಟಾ ಸಿಗುವುದಿಲ್ಲ, ಹುಬ್ಬಳ್ಳಿಗೇ ಹೋಗಬೇಕು, ಇವರು ಊಟಕ್ಕೆ ಕೂತಾಗ ತಮ್ಮ ಅವ್ವನಿಗೆ ಹೇಳಿದರು, ಶನಿವಾರ ಪಟ್ಟಾ ತಗೊಳ್ಳೂದು, ರವಿವಾರ ಊರ ನೋಡೂದು, ಸಂಜೀಕ ಹೊಳ್ಳಿ ಬರೂದು, ಹೇಳಿ ತಾಟು ನೋಡುತ್ತ ಎರಡು ತುತ್ತು ಉಂಡರು, ಆಮೇಲೆ ಅಂದರು, ಆಕಿನೂ ಬರ್ಲಿ. ಆಕಿ ಅಂದರೆ ನಾನು. ಮಜ್ಜಿಗೆ ಹಾಕುತ್ತಿದ್ದ ಅತ್ತೆಯ ಕೈ ನಿಂತಿತು, ಗಂಡ ಹೆಂಡತಿ ಇಬ್ಬರೇ ಊರು ನೋಡಲು ಹೋಗುವುದು ಈ ಮನೆಯಲ್ಲಿ ನಡೆದದ್ದಲ್ಲ, ಎಲ್ಲಿಗೆ ಹೋದರೂ ಚಕ್ಕಡಿ ತುಂಬ ಜನ, ಆದರೂ ಬ್ಯಾಡ ಅನ್ನಲಿಲ್ಲ, ಮಗು ಹೋದಾಗಿನಿಂದ ಅವರು ನನಗೆ ಯಾವುದನ್ನೂ ಬೇಡ ಅನ್ನುವುದಿಲ್ಲ, ನನಗೆ ಸಿಟ್ಟು ಬರುವುದು ಅದಕ್ಕೇ.

ನಾಳೆ ಬೆಳಿಗ್ಗೆ ಇದ್ದಿಲು ಸುಟ್ಟು ಓಡಿಸುವ ಮೋಟಾರು, ಹಿಂದೆ ಒಲೆ ಕಟ್ಟಿಕೊಂಡು ಹೊಗೆ ಉಗುಳುತ್ತ ಬರುತ್ತದಲ್ಲ ಅದು, ಹಾನಗಲ್ಲು, ಹಾವೇರಿ, ಅಲ್ಲಿಂದ ರೈಲು — ಯಾವ ಸೀರೆ, ಇಳಕಲ್ಲಿನದು ಉಟ್ಟರೆ ಹೊಗೆಗೆ ಹಾಳು, ಗಂಟಿನಲ್ಲಿಟ್ಟು ಹಾವೇರಿಯಲ್ಲಿ ಉಡೋಣವೆಂದರೆ ಅಲ್ಲಿ ಮರೆ ಎಲ್ಲಿ, ಹೊಗೆಯೇ ಸರಿ. ಪಕ್ಕದ ಮನೆಯ ಚಾಂದಬಿಯ ತಮ್ಮ ಹುಬ್ಬಳ್ಳಿಯಲ್ಲಿದ್ದಾನೆ, ಅವಳು ಹೋಗಿ ಬಂದಿದ್ದಾಳೆ, ಆ ಊರನ್ನು ತಾನೇ ಕಟ್ಟಿಸಿದ ಹಾಗೆ ಮಾತಾಡುತ್ತಾಳೆ, ನಳ ತಿರುವಿದರೆ ನೀರಂತೆ, ಗೋಡೆಯ ಗುಂಡಿ ಒತ್ತಿದರೆ ದೀಪವಂತೆ, ಟೇಸನ್ನಿನ್ಯಾಗ ಅವರ ಧೋತರದ ಚುಂಗ ಹಿಡಕೋ, ಬಿಟ್ಟಿ ಅಂದ್ರ ಮುಗೀತು, ಅಂದಳು. ನಾನು ಧೋತರದ ಚುಂಗು ಹಿಡಿಯುವುದೇ, ಮದುವೆಯಾದಾಗಿನಿಂದ ಅವರ ಹಿಂದೆ ನಾಲ್ಕು ಮಾರು ಬಿಟ್ಟು ನಡೆದವಳು, ಬೆನ್ನು ನೋಡಿ ನೋಡಿ ಅಂಗಿಯ ಹೊಲಿಗೆ ಬಾಯಿಪಾಠವಾಗಿದೆ. ತಪ್ಪಿಸಿಕೊಂಡೆ ಎಂದೇ ಇಟ್ಟುಕೊಳ್ಳೋಣ, ಪೊಲೀಸಿನವನು ಬರುತ್ತಾನೆ, ಯವ್ವಾ ನಿನ್ನ ಗಂಡನ ಹೆಸರೇನು, ಹೆಸರು ನಾನು ಹೇಗೆ ಹೇಳಲಿ, ಒಡಪಿನಲ್ಲಿ ಹೆಣೆದರೆ ಮಾತ್ರ ಬಾಯಿಗೆ ಬರುತ್ತದೆ, ಮದುವೆಯ ದಿನ ಹೆಂಗಸರೆಲ್ಲ ಅಡ್ಡ ನಿಂತು ಹೆಸರು ಹೇಳಿದರೇ ಒಳಗೆ ಬಿಡುವುದೆಂದಾಗ ಹೇಳಿದ್ದೆನಲ್ಲ, ಅಟ್ಟದ ಮ್ಯಾಲ ಅಕ್ಕಿ ಚೀಲಾ, ಪರಮೇಶ್ವರಪ್ಪನ ಹೆಸರ ಹೇಳೇನಿ, ಬಿಡ್ರಿ ಬಾಗಿಲಾ — ಪೊಲೀಸಿನವನ ಮುಂದೆಯೂ ಅಷ್ಟನ್ನೇ ರಾಗವಾಗಿ ಹೇಳಬೇಕು, ಅವನು ಪಾಪ ಬಾಗಿಲು ಎಲ್ಲಿದೆ ಎಂದು ಹುಡುಕಬೇಕು. ನಗು ಬಂತು, ರೊಟ್ಟಿ ಹರಿಯಿತು, ಹರಿದದ್ದು ನನಗೇ ಇರಲಿ.

ಅವರು ನನ್ನನ್ನು ಏನಂತ ಕರೆಯಬೇಕು, ಅದು ಇನ್ನೊಂದು. ಮೊದಮೊದಲು ಇಕಾ ಅನ್ನುತ್ತಿದ್ದರು, ಇಕಾ ನೀರು, ಇಕಾ ದೀಪ, ಮಗಳು ಹುಟ್ಟಿದ ಮೇಲೆ ಅದು ತಪ್ಪಿತು, ಎಲ್ಲ ಮನೆಯ ಗಂಡಸರಂತೆ ಅವರೂ ಮಗಳ ಹೆಸರು ಹಿಡಿದು ಕರೆಯತೊಡಗಿದರು, ಮಾದೇವೀ ಎಂದರೆ ನಾನು ಓ ಅನ್ನುವುದು, ಮಾದೇವಿ ತೊಟ್ಟಿಲಲ್ಲಿದ್ದಾಗಲೂ ನಾನೇ ಮಾದೇವಿ. ಆಮೇಲೆ ಆ ಮಳೆಗಾಲ, ಚಳಿಜ್ವರ, ಊರಲ್ಲಿ ಯಾವ ಮನೆಗೆ ಬರಲಿಲ್ಲ ಅದು, ನಮ್ಮ ಮನೆಯಿಂದ ಅವಳನ್ನು ಕರೆದುಕೊಂಡು ಹೋಯಿತು. ಮಣ್ಣು ಮಾಡಿ ಬಂದ ದಿನ ಅತ್ತೆ ಅಂದರು, ಹೋದ ಕೂಸಿನ ಹೆಸರ ಹಿಡದು ಕರೀಬ್ಯಾಡ್ರಿ, ಅದು ಹೊಳ್ಳಿ ನೋಡ್ತೈತಿ. ಅಂದಿನಿಂದ ಅವರು ಕರೆಯಲಿಲ್ಲ, ಇಕಾ ಎಂಬುದಕ್ಕೂ ಮರಳಲಿಲ್ಲ, ಕೆಮ್ಮುತ್ತಾರೆ. ಒಣ ಕೆಮ್ಮು ಅಂದರೆ ನೀರು, ಗಂಟಲು ಕೆರೆದ ಕೆಮ್ಮು ಅಂದರೆ ಊಟ, ಒಂದು ಸಣ್ಣ ಕೆಮ್ಮಿದೆ, ಅದಕ್ಕೆ ಏನೂ ಬೇಡ, ನಾನು ಇದ್ದೇನೋ ಇಲ್ಲವೋ ಎಂದು ನೋಡುವುದು. ಹುಬ್ಬಳ್ಳಿಯ ಟೇಸನ್ನಿನಲ್ಲಿ ಎಷ್ಟು ಗಂಡಸರು ಕೆಮ್ಮುತ್ತಾರೋ, ಎಲ್ಲರಿಗೂ ತಂಬಿಗೆ ಹಿಡಿದು ನಿಲ್ಲುತ್ತೇನೆಯೇ. ಹೊಳ್ಳಿ ನೋಡಿದರೆ ನೋಡಲಿ, ಹೆತ್ತವರನ್ನು ನೋಡಿದರೆ ಯಾರಿಗೇನು ನಷ್ಟ, ನನಗೆ ಬೇಕಾದದ್ದು ಅದೊಂದೇ, ಅವರ ಬಾಯಲ್ಲಿ ಆ ಹೆಸರು ಒಂದು ಸಲ, ಇನ್ನು ಸ್ವಲ್ಪ ದಿನಕ್ಕೆ ಅವರು ಹೇಗೆ ಕರೆಯುತ್ತಿದ್ದರು ಎನ್ನುವುದೇ ನನಗೆ ಮರೆತುಹೋಗುತ್ತದೆ, ಈಗಾಗಲೇ ಅರ್ಧ ಮರೆತಿದೆ, ಅದಕ್ಕೆ ಹೆದರಿಕೆ. ಅದಕ್ಕೇ ಹೊರಟಿದ್ದೇನೆ, ನಳ ನೋಡಲಿಕ್ಕಲ್ಲ, ಮಾತಾಡುವ ಸಿನಿಮಾಕ್ಕಲ್ಲ. ರವಿವಾರ, ಜನ ಹೆಚ್ಚಿರುವ ಕಡೆ, ಬೇಕೆಂದೇ ಹಿಂದೆ ಉಳಿಯುತ್ತೇನೆ, ಒಂದು ಕಂಬದ ಮರೆ ಸಾಕು, ಅವರು ತಿರುಗಿ ನೋಡುತ್ತಾರೆ, ಇಲ್ಲ, ಕೆಮ್ಮುತ್ತಾರೆ, ನಾನು ಬರುವುದಿಲ್ಲ, ಮತ್ತೆ ಕೆಮ್ಮುತ್ತಾರೆ, ಬರುವುದಿಲ್ಲ, ಆಮೇಲೆ ಕರೆಯಲೇಬೇಕಲ್ಲ, ಅತ್ತೆಯ ಕಿವಿ ಅಲ್ಲಿಗೆ ಮುಟ್ಟುವುದಿಲ್ಲ.

ಅಂಗಳದಲ್ಲಿ ಅವರ ಕೆರದ ಸದ್ದು, ಹೊತ್ತಲ್ಲದ ಹೊತ್ತಿನಲ್ಲಿ ಬಂದಿದ್ದಾರೆ, ಅತ್ತೆ ಅಲ್ಲೇ ಮೊರ ಹಿಡಿದು ಅಕ್ಕಿ ಕೇರುತ್ತಿದ್ದಾರೆ, ಒಲೆಯ ಮೇಲೆ ರೊಟ್ಟಿ ಇದೆ, ಕೆಮ್ಮಿದ ಮೇಲೆ ಏಳೋಣ. ಕೆಮ್ಮಲಿಲ್ಲ. ಅಲ್ಲೆ ಗದ್ದಲದಾಗ ನೀ ಎಲ್ಲೆರ ತಪ್ಪಿಸಿಕೊಂಡ್ರ ಏನಂತ ಕರೀಲಿ, ಗೋಡೆಗೆ ಹೇಳುವವರ ಹಾಗೆ ಹೇಳುತ್ತಿದ್ದಾರೆ, ಹಿಂದಿನಂಗ ಕರೀತೇನಿ, ಓ ಅನ್ನು, ಈಗೊಮ್ಮೆ ಕರದ ನೋಡ್ತೇನಿ. ಮೊರದ ಸದ್ದು ನಿಂತಿತು. ಮಾದೇವೀ. ಹೀಗೇ, ಹೀಗೇ ಕರೆಯುತ್ತಿದ್ದದ್ದು, ಕೊನೆಗೆ ಸ್ವಲ್ಪ ಎಳೆದು, ನಾನು ಮರೆತದ್ದು ಆ ಎಳೆತವನ್ನೇ. ಹಿಟ್ಟಿನ ಕೈಯಲ್ಲೇ ಎದ್ದು ಬಾಗಿಲಿಗೆ ಬಂದೆ, ಬಂದವಳು ಬದಿಗೆ ಸರಿದು ನಿಂತೆ, ಯಾಕೆ ಸರಿದೆ, ಕಾಲೇ ಸರಿಯಿತು — ಹಾಗೆ ಕರೆದರೆ ಓ ಅನ್ನುತ್ತಿದ್ದವರು ಇಬ್ಬರಲ್ಲವೇ, ತನ್ನನ್ನೇ ಕರೆದರೆಂದು ಅವಳು ನನ್ನ ಮೊಣಕಾಲಿನ ಹತ್ತಿರ ಸೀರೆ ಹಿಡಿದು ಬದಿಗೆ ತಳ್ಳಿ ಮೊದಲು ಓಡುತ್ತಿದ್ದಳಲ್ಲವೇ, ಅವಳಿಗೆಂದು ಸರಿದಿದ್ದೇನೆ. ಓ ಅನ್ನಬೇಕು, ಬಾಯಿ ತೆರೆದಿದೆ, ರೊಟ್ಟಿ ಸೀಯುತ್ತಿದೆ, ನಾಳೆ ಮೋಟಾರು, ಓ ಅನ್ನಬೇಕು, ಅವರು ನನ್ನ ಮುಖ ನೋಡುತ್ತಿಲ್ಲ, ಕೆಳಗೆ ನೋಡುತ್ತಿದ್ದಾರೆ, ನನ್ನ ಮೊಣಕಾಲಿನ ಪಕ್ಕ, ಅತ್ತೆಯೂ ಅಲ್ಲೇ ನೋಡುತ್ತಿದ್ದಾರೆ, ಬಾಗಿಲಲ್ಲಿ ನಾನು ಬಿಟ್ಟ ಜಾಗ, ಒಂದು ಕೂಸು ದಾಟುವಷ್ಟು, ಮೊಣಕಾಲಿನ ಪಕ್ಕ, ಅಷ್ಟೇ ಜಾಗ, ಅಷ್ಟೇ —