ಎಂಟು ಉಬ್ಬಿನ ಇಟ್ಟಿಗೆ

ನನ್ನದು ಕನ್ನಡಕದ ಅಂಗಡಿ. ದಿನಬೆಳಗಾದರೆ ಜನರ ಕಣ್ಣ ಮುಂದೆ ಗಾಜು ಹಿಡಿದು ‘ಈಗ ಕಾಣುತ್ತಾ? ಈಗ?’ ಎಂದು ಕೇಳುವವನು. ಅಂಥ ನಾನು ಹುಟ್ಟಿನಿಂದ ಕಣ್ಣು ಕಾಣದ ತಂಗಿಯ ಪೆನ್‌ಡ್ರೈವ್‌ಗಳಿಗೆ ಬಣ್ಣದ ಸ್ಟಿಕ್ಕರ್ ಅಂಟಿಸಿದೆ ಎಂದರೆ ನನ್ನ ಬುದ್ಧಿಗೆ ಏನು ಹೇಳಬೇಕು!

ತಂಗಿಯದು ಧ್ವನಿಪುಸ್ತಕದ ಕೆಲಸ. ಸ್ಟುಡಿಯೋದಲ್ಲಿ ಯಾರೋ ಓದಿದ ಪಾಠವನ್ನು ಮನೆಯ ಕಂಪ್ಯೂಟರಿನಲ್ಲಿ ಕೇಳುತ್ತಾ ಕೆಮ್ಮು, ಏದುಸಿರು, ಹಾಳೆ ತಿರುವಿದ ಸದ್ದು ಎಲ್ಲವನ್ನೂ ಕತ್ತರಿಸಿ ತೆಗೆಯುತ್ತಾಳೆ. ಶನಿವಾರ ಅದನ್ನು ಪೆನ್‌ಡ್ರೈವ್‌ಗೆ ಹಾಕಿ, ಸೋಮವಾರ ಒಬ್ಬಳೇ ಬಸ್ಸು ಹತ್ತಿ ಕೊಟ್ಟು ಬರುತ್ತಾಳೆ. ಈ ವರ್ಷ ಒಂದೇ ಥರದ ನಾಲ್ಕು ಪೆನ್‌ಡ್ರೈವ್ ತಂದೆವು. ಗುರುತು ಸಿಗಲಿ ಎಂದು ಸ್ಟುಡಿಯೋದ್ದಕ್ಕೆ ಕೆಂಪು, ನನ್ನದಕ್ಕೆ ಹಸಿರು ಸ್ಟಿಕ್ಕರ್ ಹಚ್ಚಿದೆ. ಉಳಿದೆರಡು ಖಾಲಿ ಇದ್ದವು. ಸೋಮವಾರ ಬೆಳಿಗ್ಗೆ ಡ್ರಾಯರಿನಿಂದ ಕೆಂಪನ್ನು ಹೆಕ್ಕಿ ಅವಳ ಬ್ಯಾಗಿಗೆ ಹಾಕುವುದು ನಾನೇ ವಹಿಸಿಕೊಂಡ ದೊಡ್ಡಸ್ತಿಕೆ.

ಒಂದು ಸೋಮವಾರ ಸ್ಟುಡಿಯೋದಲ್ಲಿ ವಿಜ್ಞಾನದ ಪಾಠದ ಬದಲು ನನ್ನ ಹಾಡು ಮೊಳಗಿತು. ನಮ್ಮ ಅಂಗಡಿಯವರ ಸಂಘದ ಹಾಡಿನ ಸ್ಪರ್ಧೆಗೆಂದು ಬಚ್ಚಲಿನಲ್ಲಿ ಹಾಡಿ ರೆಕಾರ್ಡ್ ಮಾಡಿಕೊಂಡಿದ್ದು, ನೀರಿನ ಸದ್ದು ಸಮೇತ. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರಂತೆ. ನಗು ಮುಗಿದ ಮೇಲೆ ಅಲ್ಲಿನ ಮುಖ್ಯಸ್ಥರು ಮೆತ್ತಗೆ ಒಂದು ಮಾತು ಹೇಳಿದರು. ಅದನ್ನು ತಂಗಿ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ನನ್ನ ಮುಂದೆ ಒಪ್ಪಿಸಿದಳು.

“ನೀವ್ಯಾಕೆ ತೊಂದ್ರೆ ತಗೋತೀರಾ, ಇನ್ಮೇಲೆ ನಿಮ್ಮಣ್ಣನ ಕೈಲಿ ಕಳಿಸಿ ಅಂದ್ರು. ಹನ್ನೊಂದು ವರ್ಷ ಒಬ್ಳೇ ಹೋಗಿ ಬಂದಿದೀನಿ ಅಣ್ಣ! ಇನ್ನೊಂದೇ ಒಂದ್ಸಲ ಅಂತ ಕೇಳ್ಕೊಂಡು ಬಂದೆ. ಮುಂದಿನ ಸೋಮವಾರವೂ ತಪ್ಪಿದ್ರೆ ನೀನೇ ಹೋಗು, ನಾನು ಮನೇಲೇ ಇರ್ತೀನಿ.”

ರಬ್ಬರ್ ಬ್ಯಾಂಡ್ ಹಾಕೋಣ ಎಂದೆ. ಬಿದ್ದುಹೋಗುತ್ತೆ ಎಂದಳು. ದಾರ ಕಟ್ಟೋಣ ಎಂದೆ. ಸಿಕ್ಕಾಗುತ್ತೆ ಎಂದಳು. ಆಮೇಲೆ, “ಅಟ್ಟದ ಮೇಲೆ ನಮ್ಮ ಇಟ್ಟಿಗೆ ಡಬ್ಬ ಇದ್ಯಾ?” ಎಂದಳು.

ಇತ್ತು. ಚಿಕ್ಕಂದಿನಲ್ಲಿ ನಾವಿಬ್ಬರೂ ಒಂದಕ್ಕೊಂದು ಸಿಕ್ಕಿಸಿ ಮನೆ ಕಟ್ಟುತ್ತಿದ್ದ, ಬೆನ್ನ ಮೇಲೆ ಎಂಟೆಂಟು ಗುಂಡನೆಯ ಉಬ್ಬುಗಳಿದ್ದ ಪ್ಲಾಸ್ಟಿಕ್ ಇಟ್ಟಿಗೆಗಳು. ನಾನು ಕಟ್ಟಿದ್ದು ವಾಲುತ್ತಿತ್ತು, ಅವಳದು ನೆಟ್ಟಗೆ ನಿಲ್ಲುತ್ತಿತ್ತು. ಆಗಲೂ ನನಗೆ ಹೊಟ್ಟೆಯುರಿ.

ಭಾನುವಾರ ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ಫ್ರೇಮು ತಿದ್ದುವ ನನ್ನ ಅರಗಳನ್ನೂ ಸಣ್ಣ ಗರಗಸವನ್ನೂ ಹರಡಿಕೊಂಡು ಕೂತಳು. ಪೆನ್‌ಡ್ರೈವಿನ ಅಂಚನ್ನು ಉಗುರಿನಿಂದ ಸವರಿ, ಜೋಡಣೆಯ ಗೆರೆ ಸಿಕ್ಕಿದ ಕಡೆ ಚಾಕು ತೂರಿಸಿದಳು. ಕವಚ ಎರಡು ಹೋಳಾಯಿತು. ಒಳಗಿನ ಹಸಿರು ಹಲಗೆ ನನ್ನ ಕಿರುಬೆರಳಿಗಿಂತ ಚಿಕ್ಕದು. ಆಮೇಲೆ ಆ ಹಲಗೆ ಒಳಗೆ ಕೂರುವಂತೆ ಇಟ್ಟಿಗೆಯ ಹೊಟ್ಟೆಯಲ್ಲಿದ್ದ ಕೊಳವೆಗಳನ್ನು ಕತ್ತರಿಸಿ ತೆಗೆದು, ಒಂದು ಪಕ್ಕದಲ್ಲಿ ಪೆನ್‌ಡ್ರೈವಿನ ಲೋಹದ ಮೂತಿಗೆ ಕಿಂಡಿ ಕೊರೆಯತೊಡಗಿದಳು. ನಾಲ್ಕು ಸಲ ಅರ ಹಾಕುವುದು, ಮೂತಿ ಇಟ್ಟು ನೋಡುವುದು, ಮತ್ತೆ ಎರಡು ಸಲ ಅರ ಹಾಕುವುದು. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಆ ಬೆರಳುಗಳಿಗೆ ಗೊತ್ತಾಗುತ್ತಿತ್ತು. ನನ್ನ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಇರುವ ಕೆಲಸಗಾರನೂ ಇಷ್ಟು ನಯವಾಗಿ ಅರ ಹಾಕಿದ್ದನ್ನು ನಾನು ಕಂಡಿಲ್ಲ.

ಸುಮ್ಮನೆ ಕೂರಲಾರದೆ ಒಂದನ್ನು ನಾನೇ ಜೋಡಿಸಿ ಗಮ್ ಹಾಕಿದೆ. ಅವಳು ಮುಟ್ಟಿ ನೋಡಿ ನಕ್ಕಳು.

“ಉಲ್ಟಾ ಅಂಟಿಸಿದೀಯಾ. ಉಬ್ಬು ಮೇಲಿದ್ರೆ ಮೂತೀನೂ ಕಂಪ್ಯೂಟರಿಗೆ ಸರಿಯಾಗಿ ಹೋಗ್ಬೇಕು, ಅದೇ ಅಲ್ವಾ ಇದರ ಮಜಾ? ಹೋಗ್ಲಿ, ಇದು ನಿನ್ನ ಹಾಡಿಗಿರ್ಲಿ.”

ಹಾಡಿನ ಇಟ್ಟಿಗೆಯ ಉಬ್ಬುಗಳನ್ನೆಲ್ಲ ಅರದಿಂದ ಉಜ್ಜಿ ಬೋಳು ಮಾಡಿದಳು. ಇನ್ನೆರಡರಲ್ಲಿ ಒಂದಕ್ಕೆ ನಾಲ್ಕು ಉಬ್ಬು, ಒಂದಕ್ಕೆ ಎರಡು ಉಳಿಸಿದಳು. ಎಂಟೂ ಇದ್ದದ್ದು ಸ್ಟುಡಿಯೋದ್ದು. ಶನಿವಾರ ಕತ್ತರಿಸಿಟ್ಟ ಪಾಠವನ್ನು ಅದಕ್ಕೆ ಹಾಕಿಕೊಂಡಳು.

ಸೋಮವಾರ ಡ್ರಾಯರಿನ ಹತ್ತಿರ ಹೋಗಲು ನನ್ನನ್ನು ಬಿಡಲಿಲ್ಲ. ತಾನೇ ಕೈ ಹಾಕಿ, ಒಂದು ಕ್ಷಣದಲ್ಲಿ ತೆಗೆದು ಬ್ಯಾಗಿಗೆ ಹಾಕಿಕೊಂಡು ಹೊರಟಳು. ಅಂದು ಅಂಗಡಿಯಲ್ಲಿ ನಾನು ಒಬ್ಬರ ಕನ್ನಡಕವನ್ನು ಇನ್ನೊಬ್ಬರಿಗೆ ಕೊಟ್ಟೆ. ಮಧ್ಯಾಹ್ನಕ್ಕೇ ಬಾಗಿಲೆಳೆದು ಮನೆಗೆ ಓಡಿದೆ.

ಅವಳು ಆಗಲೇ ಬಂದು ಆರಾಮಾಗಿ ಊಟ ಮಾಡುತ್ತಿದ್ದಳು.

“ಸಾಹೇಬ್ರು ಕಣ್ಣಿದ್ದೂ ಎರಡು ಸಲ ಉಲ್ಟಾ ಚುಚ್ಚಿದ್ರು. ‘ಸರ್, ಉಬ್ಬು ಮೇಲಕ್ಕೆ ಬರ್ಲಿ’ ಅಂದೆ. ಪಾಠ ಶುರುವಾಯ್ತು. ಕೈಯಲ್ಲಿ ಹಿಡ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ್ರಂತೆ, ಪಕ್ಕದಲ್ಲಿದ್ದೋರು ಹೇಳಿದ್ರು. ಆಮೇಲೆ ‘ಮುಂದಿನ ಸೋಮವಾರ ಬನ್ನಿ’ ಅಂದ್ರು. ನಿನ್ನ ಸುದ್ದೀನೇ ಎತ್ತಲಿಲ್ಲ.”

ನನಗೆ ತಡೆಯಲಾಗಲಿಲ್ಲ. ವಾರದಿಂದ ಮುಚ್ಚಿಟ್ಟಿದ್ದನ್ನು ಹೇಳಿಬಿಟ್ಟೆ. ಸ್ಟಿಕ್ಕರ್‌ಗಳು ಕಿತ್ತುಬಂದಿದ್ದವು, ಮತ್ತೆ ಅಂಟಿಸುವಾಗ ಕೆಂಪನ್ನು ನನ್ನ ಹಾಡಿಗೆ ಹಚ್ಚಿದವನು ನಾನೇ ಎಂದೆ.

“ಗೊತ್ತಿತ್ತು,” ಎಂದಳು. “ಅವತ್ತೇ ಸ್ಟುಡಿಯೋದಲ್ಲಿ ಸವರಿ ನೋಡ್ದೆ. ಸ್ಟಿಕ್ಕರ್ ಸುಕ್ಕಾಗಿತ್ತು.”

“ಮತ್ತೆ ಹೇಳ್ಬಾರ್ದಾಗಿತ್ತಾ, ಅಣ್ಣಂದೇ ತಪ್ಪು ಅಂತ? ಆ ಮಾತು ಕೇಳಿಸ್ಕೊಳ್ಳೋದು ತಪ್ತಿತ್ತು.”

“ಹೇಳಿದ್ರೆ, ನನ್ನ ಸಾಮಾನು ಆರಿಸಿಕೊಡೋನು ನೀನು ಅಂತ ಒಪ್ಕೊಂಡ ಹಾಗೆ ಆಗ್ತಿತ್ತಲ್ಲ,” ಎಂದು ತಟ್ಟೆ ಎತ್ತಿಕೊಂಡು ಎದ್ದಳು.

ನಾನು ಡ್ರಾಯರ್ ತೆಗೆದೆ. ಕಣ್ಣು ಮುಚ್ಚಿಕೊಂಡು ನನ್ನದನ್ನು ಹುಡುಕಿದೆ. ಎರಡು ಸಲ ತಪ್ಪಿ, ಮೂರನೆಯದಕ್ಕೆ ಬೋಳು ಇಟ್ಟಿಗೆ ಕೈಗೆ ಸಿಕ್ಕಿತು.